ತೊಳೆದ ಗಡಿಗೆಯ ಐದು ತಾಸು

ದೀಪಾವಳಿ ಕಳೆದು ಕಬ್ಬಿನ ಕಟಾವು ಶುರುವಾಯಿತೆಂದರೆ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ಗಾಳಿಗೇ ಸಿಹಿ ಹತ್ತುತ್ತದೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ಕಾರ್ಖಾನೆಗಳ ಕಡೆ ಸಾಗುತ್ತಿರುತ್ತವೆ. ಅಲ್ಲಲ್ಲಿ ಉಳಿದಿರುವ ಬೆಲ್ಲದ ಗಾಣಗಳಿಂದ ಹೊಗೆ ಏಳುತ್ತದೆ. ಗಾಣದ ಹತ್ತಿರ ನಿಂತರೆ ಮೊದಲು ಮೂಗಿಗೆ ಬರುವುದು ಕುದಿಯುವ ಬೆಲ್ಲದ ವಾಸನೆ. ನಾಲ್ಕು ಹೆಜ್ಜೆ ಈಚೆ ಬಂದು ಕಬ್ಬಿನ ಹಾಲು ಬಂದು ಬೀಳುವ ತೊಟ್ಟಿಯ ಬಳಿ ಬಗ್ಗಿದರೆ ಆ ಸಿಹಿಯ ಅಡಿಯಲ್ಲಿ ಸಣ್ಣಗೆ ಒಂದು ಹುಳಿ ವಾಸನೆಯೂ ಇರುತ್ತದೆ. ಬೆಲ್ಲದ ವಾಸನೆಯನ್ನು ಎಲ್ಲರೂ ಹೊಗಳುತ್ತಾರೆ. ನನ್ನನ್ನು ಬಹಳ ಕಾಲದಿಂದ ಹಿಡಿದು ನಿಲ್ಲಿಸಿರುವುದು ಈ ಹುಳಿ.

ಗಾಣ ನಡೆಸುವವರಿಗೆ ಇದರ ಅರ್ಥ ಚೆನ್ನಾಗಿ ಗೊತ್ತು. ಹಿಂಡಿದ ಹಾಲನ್ನು ಕುದಿಯಲು ಇಡದೆ ಅರ್ಧ ದಿನ ಬಿಟ್ಟರೆ ಅದು ಕೆಡುತ್ತದೆ. ಕೆಟ್ಟ ಹಾಲನ್ನು ಎಷ್ಟು ಕಾಯಿಸಿದರೂ ಬೆಲ್ಲ ಸರಿಯಾಗಿ ಕಟ್ಟುವುದಿಲ್ಲ, ಅಚ್ಚಿನಿಂದ ತೆಗೆದ ಮೇಲೂ ಕೈಗೆ ಅಂಟುತ್ತಲೇ ಇರುತ್ತದೆ. ಹಾಲು ಹೊಸದಿದ್ದೂ ಹೀಗಾಯಿತೆಂದರೆ ತಪ್ಪು ಹಾಲಿನದಲ್ಲ, ನಿನ್ನೆ ಸರಿಯಾಗಿ ತೊಳೆಯದ ತೊಟ್ಟಿಯದು. ಗಾಣದ ಉರುಳೆಗಳ ಸಂದು, ಹಾಲು ಹರಿಯುವ ಕೊಳವೆಯ ಬಾಗು, ಸೋಸುವ ಬಟ್ಟೆಯ ಮಡಿಕೆ, ತೊಟ್ಟಿಯ ಮೂಲೆ, ಹೀಗೆ ಬೆರಳು ಹೋಗದ ಕಡೆಯಲ್ಲೇ ಹಾಲು ಕೆಡಿಸುವ ಕೊಳೆ ಕೂತಿರುತ್ತದೆ. ಕಡ್ಡಿ ಹಾಕಿ ಕೆರೆದರೆ ಲೋಳೆಯಂಥ ಒಂದು ಮುದ್ದೆ ಬರುತ್ತದೆ. ಎರಡು ಬೆರಳ ನಡುವೆ ಹಿಡಿದರೆ ಜಾರುತ್ತದೆ, ಬೆರಳು ಅಗಲಿಸಿದರೆ ಎಳೆಯಾಗಿ ಜಗ್ಗುತ್ತದೆ. ಅರೆಪಾರದರ್ಶಕ, ಒಳಗೆ ಏನೋ ಹರಳುಗಟ್ಟಿದ ಹಾಗೆ ಕಾಣುತ್ತದೆ.

ಇದನ್ನು ಯುರೋಪಿನ ಸಕ್ಕರೆ ಕಾರ್ಖಾನೆಗಳ ಕೆಲಸಗಾರರೂ ಕಂಡಿದ್ದರು, ಕಪ್ಪೆಯ ಮೊಟ್ಟೆ ಎಂದು ಕರೆದಿದ್ದರು. 1878ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಫಿಲಿಪ್ ವಾನ್ ಟೀಗೆಮ್ ಆ ಲೋಳೆಯೊಳಗೆ ಸರ ಪೋಣಿಸಿದಂತೆ ಕೂತ ಸೂಕ್ಷ್ಮಜೀವಿಯನ್ನು ವಿವರಿಸಿ ಲ್ಯೂಕೊನೊಸ್ಟಾಕ್ ಎಂಬ ಹೆಸರನ್ನು ನೆಲೆಗೊಳಿಸಿದ. ಆ ಜೀವಿ ಮಾಡುವ ಕೆಲಸ ಇಷ್ಟು: ಸಕ್ಕರೆಯ ಒಂದೊಂದು ಕಣವನ್ನೂ ಎರಡಾಗಿ ಸೀಳಿ, ಅದರಲ್ಲಿ ಒಂದು ಭಾಗವನ್ನು ಒಂದಕ್ಕೊಂದು ಜೋಡಿಸುತ್ತ ಉದ್ದನೆಯ ಎಳೆ ನೇಯುತ್ತದೆ. ಆ ಎಳೆಯ ಹೆಸರು ಡೆಕ್ಸ್ಟ್ರಾನ್. ಲೋಳೆ ಎಂದರೆ ಅದೇ. ತಾನು ತಿನ್ನುವ ಸಕ್ಕರೆಯಿಂದಲೇ ತನ್ನ ಸುತ್ತ ಗೋಡೆ ಕಟ್ಟಿಕೊಂಡು ಒಳಗೆ ಬದುಕುತ್ತದೆ. 1939ರಲ್ಲಿ ಸ್ಥಾಪನೆಯಾದ ಉಗಾರದ ಸಕ್ಕರೆ ಕಾರ್ಖಾನೆ ಈಗಿನ ಕಾಗವಾಡ ತಾಲ್ಲೂಕಿನಲ್ಲಿದೆ. ಅಂಥ ದೊಡ್ಡ ಕಾರ್ಖಾನೆಯಾಗಲಿ, ನಾಲ್ಕು ಜನ ನಡೆಸುವ ಗಾಣವಾಗಲಿ, ಕಬ್ಬು ಅರೆಯುವ ಎಲ್ಲರಿಗೂ ಇದೇ ಎದುರಾಳಿ. ಅರೆಯುವ ಉರುಳೆಗಳ ಮೇಲೆ ಬಿಸಿನೀರು, ಹಬೆ ಹಾಯಿಸುತ್ತಲೇ ಇರಬೇಕು. ಬಿಟ್ಟರೆ ರಸ ದಪ್ಪಗಾಗುತ್ತದೆ, ಸೋಸುವ ಜಾಲರಿ ಕಟ್ಟಿಕೊಳ್ಳುತ್ತದೆ, ಸಕ್ಕರೆಯ ಹರಳು ಕೂಡ ತನ್ನ ಆಕಾರ ಬಿಟ್ಟು ಸೂಜಿಯಂತೆ ಉದ್ದಕ್ಕೆ ಬೆಳೆಯುತ್ತದೆ. ಕಣ್ಣಿಗೆ ಕಾಣದ ಒಂದು ಜೀವ ಹರಳು ಬೆಳೆಯುವ ದಿಕ್ಕನ್ನೇ ಬದಲಿಸುತ್ತದೆ ಎಂಬುದನ್ನು ಮೊದಲು ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದೆ.

ಬರೀ ಬಿಸಿನೀರು ಸುರಿದರೆ ಯಾಕೆ ಸಾಲದು ಎಂಬುದಕ್ಕೆ ಉತ್ತರ ಆ ಗೋಡೆಯಲ್ಲೇ ಇದೆ. ಶಾಖವಾಗಲಿ ಔಷಧಿಯಾಗಲಿ ಲೋಳೆಯ ಹೊರಪದರಕ್ಕೆ ತಾಕುತ್ತದೆ, ಒಳಗಿನವಕ್ಕೆ ಸರಿಯಾಗಿ ಮುಟ್ಟುವುದಿಲ್ಲ. ಮೊದಲು ಉಜ್ಜಿ ಗೋಡೆ ಒಡೆಯಬೇಕು, ಆಮೇಲೆ ಕೊಲ್ಲಬೇಕು. ತೊಳೆಯುವುದು ಒಂದು ಕೆಲಸ, ಸೂಕ್ಷ್ಮಜೀವಿಗಳನ್ನು ಕಳೆಯುವುದು ಇನ್ನೊಂದು ಕೆಲಸ, ಮೊದಲನೆಯದು ಆಗದೆ ಎರಡನೆಯದು ಆಗುವುದಿಲ್ಲ. ವಿದೇಶಗಳಲ್ಲಿ ಮನೆಯಲ್ಲೇ ಬಿಯರು, ವೈನು ಮಾಡಿಕೊಳ್ಳುವ ಹವ್ಯಾಸಿಗಳಿದ್ದಾರೆ. ಅವರ ಹೊತ್ತಿನಲ್ಲಿ ಹೆಚ್ಚಿನ ಪಾಲು ಹೋಗುವುದು ಕುದಿಸುವುದಕ್ಕೋ ಹುದುಗಿಸುವುದಕ್ಕೋ ಅಲ್ಲ, ಬಕೆಟ್ಟು, ಕೊಳವೆ, ನಲ್ಲಿಗಳನ್ನು ತೊಳೆಯುವುದಕ್ಕೆ. ಒಮ್ಮೆ ಹುಳಿ ಹತ್ತಿದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ಗೀರು ಇದ್ದರೂ ಅದನ್ನು ಎಸೆಯುವುದೇ ವಾಸಿ ಎನ್ನುತ್ತಾರೆ, ಯಾಕೆಂದರೆ ಆ ಗೀರಿನ ಆಳಕ್ಕೆ ಯಾವ ಬ್ರಷ್ಷೂ ಇಳಿಯುವುದಿಲ್ಲ. ನಮ್ಮಲ್ಲಿ ಮನೆಯಲ್ಲಿ ಮದ್ಯ ತಯಾರಿಸುವುದು ಅಪರಾಧ. ಸರಾಯಿ ಮಾರಾಟವೂ 2007ರ ಜುಲೈ 1ರಿಂದ ರಾಜ್ಯದಲ್ಲಿ ನಿಂತಿದೆ. ಆದರೆ ಹುಳಿಯ ವ್ಯವಹಾರ ನಮ್ಮ ಅಡುಗೆಮನೆಗಳಲ್ಲಿ ನಿಂತಿಲ್ಲ. ಜೋಳದ ಅಂಬಲಿ ಹುಳಿ ಬರಬೇಕು, ಹಾಲು ಹೆಪ್ಪುಗಟ್ಟಬೇಕು, ದೋಸೆಹಿಟ್ಟು ಉಬ್ಬಬೇಕು. ಈ ಭಾಗದ ಹೆಣ್ಣುಮಕ್ಕಳು ಆ ಹವ್ಯಾಸಿಗಳ ಪಾಠವನ್ನು ಯಾರಿಂದಲೂ ಹೇಳಿಸಿಕೊಳ್ಳದೆ ನಡೆಸಿಕೊಂಡು ಬಂದಿದ್ದಾರೆ.

ನಮ್ಮ ಆಯಿ ಮೊಸರಿನ ಗಡಿಗೆ ತೊಳೆಯುವ ಕ್ರಮ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಗಡಿಗೆ ಕೆಟ್ಟಿದೆ ಎಂಬುದು ಅವಳಿಗೆ ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಮೊಸರಲ್ಲಿ ಗುಳ್ಳೆ ಎದ್ದಿರಬೇಕು, ಇಲ್ಲವೆ ಚಮಚ ಎತ್ತಿದರೆ ಎಳೆ ಎಳೆಯಾಗಿ ಜೋಲಬೇಕು, ಇಲ್ಲವೆ ಹುಳಿಯ ಹಿಂದೆ ಒಂದು ಕಹಿ ಇರಬೇಕು. "ಗಡಿಗಿ ಕೆಟ್ಟೇತಿ, ನೆಲುವಿನಿಂದ ಇಳಸ್ರಿ" ಅನ್ನುತ್ತಿದ್ದಳು. ಮೊದಲು ತಣ್ಣೀರು. ಯಾರಾದರೂ ಅವಸರಕ್ಕೆ ಬಿಸಿನೀರು ಹೊಯ್ಯಲು ಹೋದರೆ "ಹಾಲಿನ ಭಾಂಡೆಕ್ಕ ಮೊದಲ ಬಿಸಿನೀರ ಹಾಕಬ್ಯಾಡ, ಗ್ವಾಡಿಗೆ ಹತ್ತತೈತಿ" ಎಂದು ತಡೆಯುತ್ತಿದ್ದಳು. ಆಮೇಲೆ ಒಲೆಯ ಬೂದಿ, ಹೀರೇಕಾಯಿಯ ಒಣನಾರು. ಕುತ್ತಿಗೆಯ ಒಳಮಗ್ಗುಲಲ್ಲಿ ಕೈ ಹೆಚ್ಚು ಹೊತ್ತು ಆಡುತ್ತಿತ್ತು. ಹಳೆಯ ಬಿಳಿ ಕರೆ ಕೂತಿದ್ದರೆ ಹುಣಸೆಹಣ್ಣಿನ ನೀರು. ಅದಾದ ಮೇಲೆ ಕುದಿಯುವ ನೀರನ್ನು ಕಂಠದವರೆಗೂ ತುಂಬಿ ಮುಚ್ಚಿಡುವುದು. ಆಮೇಲೆ ಬಿಸಿಲು. ಕೊನೆಗೆ ಕುಳ್ಳಿನ ಕೆಂಡದ ಮೇಲೆ ನಾಲ್ಕು ಬೇವಿನೆಲೆ ಹಾಕಿ, ಗಡಿಗೆಯನ್ನು ಬೋರಲಾಗಿ ಹಿಡಿದು ಹೊಗೆ ಕುಡಿಸುವುದು.

ಇದರಲ್ಲಿ ಒಂದು ಹೆಜ್ಜೆಯೂ ಸುಮ್ಮನೆ ಇಟ್ಟದ್ದಲ್ಲ. ಹಾಲಿನ ಸಸಾರಜನಕ ಬಿಸಿಗೆ ಬೆಂದು ಪಾತ್ರೆಗೆ ಕಚ್ಚಿಕೊಳ್ಳುತ್ತದೆ, ಆದ್ದರಿಂದ ಮೊದಲು ತಣ್ಣೀರು. ಬೂದಿಯಲ್ಲಿ ಪೊಟ್ಯಾಸಿಯಮ್ ಕಾರ್ಬೊನೇಟ್ ಇದೆ. ಆ ಕ್ಷಾರ ಬೆಣ್ಣೆಯ ಜಿಡ್ಡಿನ ಜತೆ ಕೂಡಿದರೆ ಅಲ್ಲೇ ಒಂದಿಷ್ಟು ಸಾಬೂನು ಹುಟ್ಟುತ್ತದೆ. ಬಿಳಿ ಕರೆ ಹಾಲಿನ ಸುಣ್ಣದ ಅಂಶ. ಅದು ಕ್ಷಾರಕ್ಕೆ ಬಗ್ಗುವುದಿಲ್ಲ, ಆಮ್ಲಕ್ಕೆ ಕರಗುತ್ತದೆ, ಅದಕ್ಕೇ ಹುಣಸೆ. ಇವತ್ತು ಯಾವುದೇ ಹಾಲಿನ ಡೇರಿಗೆ ಹೋಗಿ ಅಲ್ಲಿನ ಸ್ಟೀಲ್ ಕೊಳವೆಗಳನ್ನು ತೊಳೆಯುವುದನ್ನು ನೋಡಿ: ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಬಿಸಿ ಕಾಸ್ಟಿಕ್ ಸೋಡಾ, ಆಮೇಲೆ ನೈಟ್ರಿಕ್ ಆಮ್ಲ, ಕೊನೆಗೆ ಸುಡುವಷ್ಟು ಬಿಸಿಯಾದ ನೀರು. ಬೂದಿಯ ಜಾಗಕ್ಕೆ ಸೋಡಾ ಬಂದಿದೆ, ಹುಣಸೆಯ ಜಾಗಕ್ಕೆ ಆಮ್ಲ ಬಂದಿದೆ, ಸರದಿ ಅದೇ. ಆಯಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಎಷ್ಟು ತಲೆಮಾರಿನ ಹೆಂಗಸರು ಎಷ್ಟು ಗಡಿಗೆ ಮೊಸರು ಚೆಲ್ಲಿ ಈ ಸರದಿಯನ್ನು ಕಂಡುಕೊಂಡರೋ! ಅವರಲ್ಲಿ ಯಾರ ಹೆಸರೂ ಉಳಿದಿಲ್ಲ, ಕ್ರಮ ಮಾತ್ರ ಅಳ್ಳಾಡದೆ ಉಳಿದಿದೆ.

ಆದರೆ ಇಷ್ಟೆಲ್ಲ ಮಾಡಿದ ಮೇಲೆ ಗಡಿಗೆ ಖಾಲಿಯಾಯಿತೆ? ಇಲ್ಲ. ಮಣ್ಣಿನ ಗಡಿಗೆಯ ಮೈತುಂಬ ಸಣ್ಣ ಸಣ್ಣ ರಂಧ್ರ. ಕುದಿನೀರಿಗೆ ಸಾಯದ ಬೀಜಾಣುಗಳೂ ಉಂಟು. ಜಾನ್ ಟಿಂಡಾಲ್ ಎಂಬ ವಿಜ್ಞಾನಿಗೆ ಇದು ಗೊತ್ತಾದ ರೀತಿ ದನ ಕಟ್ಟಿದ ಮನೆಯವರಿಗೆ ಚೆನ್ನಾಗಿ ಅರ್ಥವಾಗುತ್ತದೆ. 1876ರಲ್ಲಿ ಲಂಡನ್ನಿನ ಅವನ ಪ್ರಯೋಗಾಲಯಕ್ಕೆ ಹಳೆಯ ಒಣಹುಲ್ಲಿನ ಹೊರೆಯೊಂದು ಬಂತು. ಅಲ್ಲಿಂದ ಮುಂದೆ ಕುದಿಸಿ ಮುಚ್ಚಿಟ್ಟ ಯಾವ ಕಷಾಯವೂ ಕೆಡದೆ ಉಳಿಯಲಿಲ್ಲ. ಅವನು ಆ ಜಾಗವನ್ನೇ ಬಿಟ್ಟು ಕ್ಯೂ ಉದ್ಯಾನಕ್ಕೆ ಪ್ರಯೋಗಗಳನ್ನು ಸಾಗಿಸಬೇಕಾಯಿತು. ಹುಲ್ಲಿನ ಧೂಳಿನಲ್ಲಿ ಬಂದ ಬೀಜಾಣುಗಳು ಕುದಿಯುವ ನೀರನ್ನೂ ತಡೆದುಕೊಳ್ಳುತ್ತವೆ ಎಂದು ಕಂಡುಕೊಂಡ ಮೇಲೆ 1877ರಲ್ಲಿ ಅವನು ಸೂಚಿಸಿದ ಉಪಾಯ: ಒಮ್ಮೆ ಕಾಯಿಸಿ ಬಿಡಿ, ಉಳಿದ ಬೀಜಾಣುಗಳು ಮೊಳೆಯಲಿ, ಮೊಳೆತು ಮೆತ್ತಗಾದ ಮೇಲೆ ಮತ್ತೆ ಕಾಯಿಸಿ. ಕಣಕಿಯ ಬಣವೆ, ದನದ ಕೊಟ್ಟಿಗೆ, ಹಾಲಿನ ತಂಬಿಗೆ ಎಲ್ಲವೂ ಹತ್ತು ಮಾರಿನೊಳಗೇ ಇರುವ ನಮ್ಮ ಮನೆಗಳಲ್ಲಿ ಗಡಿಗೆಗೆ ಪೂರ್ತಿ ಖಾಲಿತನ ಬರುವುದು ಆಗದ ಮಾತು. ಹಾಲು ಹಿಂಡುವ ಹೊತ್ತಿಗೆ ಒಣಮೇವು ಹಾಕಬೇಡಿ ಎಂದು ಪಶುವೈದ್ಯರು ಹೇಳುವುದು ಈ ಧೂಳಿಗೆ ಹೆದರಿಯೇ.

ಹಾಗಾದರೆ ಇಷ್ಟು ತೊಳೆದು ಗಳಿಸಿದ್ದೇನು? ಒಂದು ಸಣ್ಣ ಲೆಕ್ಕ ಹಾಕಿ ನೋಡಿದಾಗ ನನಗೆ ಇದರ ಬೆರಗು ತಿಳಿಯಿತು. ಬೆಚ್ಚಗಿನ ಹಾಲಿನಲ್ಲಿ ಒಂದು ಸೂಕ್ಷ್ಮಜೀವಿ ಸುಮಾರು ಅರ್ಧ ತಾಸಿಗೆ ಎರಡಾಗುತ್ತದೆ ಎಂದುಕೊಳ್ಳೋಣ. ಒಂದು ಎರಡಾಗಿ, ಎರಡು ನಾಲ್ಕಾಗಿ, ಹತ್ತು ಸಲ ಇಮ್ಮಡಿಯಾದರೆ 1,024. ಅಂದರೆ ಐದು ತಾಸು. ಗಡಿಗೆಯಲ್ಲಿದ್ದ ಸಾವಿರ ಬೇಡದ ಜೀವಿಗಳನ್ನು ತೊಳೆದು ಒಂದಕ್ಕೆ ಇಳಿಸಿದರೆ, ಅವು ಮತ್ತೆ ಸಾವಿರವಾಗಲು ಐದು ತಾಸು ಬೇಕು. ಬೂದಿ, ಬಿಸಿನೀರು, ಬಿಸಿಲು, ಹೊಗೆ ಇಷ್ಟೆಲ್ಲ ದುಡಿದು ಕೊಡುವುದು ಐದು ತಾಸಿನ ಅವಕಾಶವನ್ನು. ಆ ಅವಕಾಶದೊಳಗೆ ಆಯಿ ಒಂದು ಚಮಚ ಹೆಪ್ಪು ಹಾಕುತ್ತಿದ್ದಳು. ಒಳ್ಳೆಯ ಮೊಸರಿನ ಒಂದು ಚಮಚದಲ್ಲಿ ಅವಳಿಗೆ ಬೇಕಾದ ಜೀವಿಗಳು ಕೋಟಿಗಟ್ಟಲೆ ಇರುತ್ತವೆ. ಒಂದೆರಡರಿಂದ ಶುರುಮಾಡುವ ಕಳ್ಳಜೀವಿ ಕೋಟಿಗೆ ಬರುವಷ್ಟರಲ್ಲಿ ಹಾಲು ಮೊಸರಾಗಿ, ಹುಳಿ ಏರಿ, ಅದಕ್ಕೆ ಬದುಕುವ ಜಾಗವೇ ಉಳಿದಿರುವುದಿಲ್ಲ. ಹಾಲು ಯಾರದಾಗಬೇಕೆಂಬುದು ರಾತ್ರಿ ಕಳೆಯುವುದರೊಳಗೆ ತೀರ್ಮಾನವಾಗಿರುತ್ತದೆ.

ಈಚಲು ಮರಕ್ಕೆ ಕಟ್ಟುವ ಗಡಿಗೆಯಲ್ಲಿಯೂ ಇದೇ ನಡೆಯುತ್ತದೆ. ಒಳಗೆ ಸುಣ್ಣ ಬಳಿದು ಕಟ್ಟಿದರೆ ಬೆಳಗ್ಗೆ ಇಳಿಯುವುದು ಸಿಹಿ ನೀರಾ. ನಿನ್ನೆಯ ಗಡಿಗೆಯನ್ನು ಹಾಗೆಯೇ ಕಟ್ಟಿದರೆ ಇಳಿಯುವುದು ಹೆಂಡ. ಮರ ಒಂದೇ, ರಸ ಒಂದೇ, ರಾತ್ರಿಯೂ ಒಂದೇ. ನಡುವೆ ಇರುವುದು ಒಂದು ಕೈ ಸುಣ್ಣ. 12ನೇ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಇದ್ದ, ಮಡಿವಾಳ ಮಾಚಯ್ಯನೂ ಇದ್ದ. ಹುಳಿ ಬರಿಸಿದ್ದನ್ನು ಮಾರುವವನು, ಕೊಳೆ ತೆಗೆಯುವವನು, ಇಬ್ಬರೂ ತಮ್ಮ ಕಾಯಕದಿಂದಲೇ ಹೆಸರು ಪಡೆದವರು. ಈ ಗಡಿಗೆಯ ವಿಚಾರ ಬಂದಾಗಲೆಲ್ಲ ನನಗೆ ಅವರಿಬ್ಬರೂ ಒಟ್ಟಿಗೆ ನೆನಪಾಗುತ್ತಾರೆ.

ಕಾಕಂಬಿಯಿಂದ ಮದ್ಯಸಾರ ತೆಗೆಯುವ ಘಟಕಗಳು ಈಗ ಈ ಭಾಗದ ಸಕ್ಕರೆ ಕಾರ್ಖಾನೆಗಳಿಗೆ ಅಂಟಿಕೊಂಡೇ ಇವೆ. ಅಲ್ಲಿಂದ ಹೊರಟ ಎಥೆನಾಲು ಪೆಟ್ರೋಲಿಗೆ ಸೇರುತ್ತದೆ. ಆ ಘಟಕಗಳ ದೊಡ್ಡ ತೊಟ್ಟಿಗಳಿಗೂ ಇದೇ ಹುಳಿಯ ಭಯ. ಯೀಸ್ಟು ಮದ್ಯಸಾರ ಮಾಡಬೇಕಾದಲ್ಲಿ ಬೇರೊಂದು ಜೀವ ನುಗ್ಗಿ ಸಕ್ಕರೆಯನ್ನು ಹುಳಿ ಮಾಡಿಬಿಡುತ್ತದೆ. 1856ರಲ್ಲಿ ಫ್ರಾನ್ಸಿನ ಲೀಲ್ ಊರಿನಲ್ಲಿ ಬೀಟ್‌ರೂಟಿನ ಸಕ್ಕರೆಯಿಂದ ಮದ್ಯಸಾರ ತೆಗೆಯುತ್ತಿದ್ದ ಬಿಗೊ ಎಂಬವನಿಗೆ ಬಂದದ್ದು ಇದೇ ಸಂಕಟ. ಅವನ ಮಗ ಕಾಲೇಜಿನಲ್ಲಿ ಲೂಯಿ ಪಾಶ್ಚರನ ಪಾಠ ಕೇಳುತ್ತಿದ್ದ. ಆ ಗುರುತಿನ ಮೇಲೆ ಪಾಶ್ಚರ್ ಕಾರ್ಖಾನೆಗೆ ಹೋದ. ಚೆನ್ನಾಗಿದ್ದ ತೊಟ್ಟಿಯ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟಾಗ ಗುಂಡಗಿನ ಯೀಸ್ಟು ಕಂಡಿತು. ಕೆಟ್ಟ ತೊಟ್ಟಿಯ ಹನಿಯಲ್ಲಿ ಅದಕ್ಕಿಂತ ಎಷ್ಟೋ ಸಣ್ಣ, ಕಡ್ಡಿಯಂಥ ಜೀವಿಗಳು ತುಂಬಿದ್ದವು. ಮರುವರ್ಷ, 1857ರಲ್ಲಿ, ಹಾಲು ಹುಳಿಯಾಗುವುದು ಜೀವಿಗಳ ಕೆಲಸ ಎಂದು ಅವನು ಪ್ರಕಟಿಸಿದ. ಅವನ ಬರಹಗಳನ್ನು ಓದಿದ ಜೋಸೆಫ್ ಲಿಸ್ಟರ್, ಗಾಯ ಕೀವಾಗುವುದೂ ಇಂಥದೇ ಇರಬೇಕೆಂದು 1865ರಲ್ಲಿ ಕಾರ್ಬಾಲಿಕ್ ಆಮ್ಲ, ಎಂದರೆ ಫಿನಾಲು, ಬಳಸಿ ಗಾಯ ಕಟ್ಟಿದ. ಕುಳ್ಳು, ಕಟ್ಟಿಗೆಯ ಹೊಗೆಯಲ್ಲಿಯೂ ಫಿನಾಲಿನ ಜಾತಿಯ ಪದಾರ್ಥಗಳಿವೆ. ಆಯಿ ಗಡಿಗೆಗೆ ಕುಡಿಸುತ್ತಿದ್ದ ಹೊಗೆಗೂ ಶಸ್ತ್ರಚಿಕಿತ್ಸೆಯ ಕೋಣೆಗೂ ಇಷ್ಟು ಹತ್ತಿರದ ನಂಟಿದೆ ಎಂದು ನಾನು ಎಣಿಸಿರಲಿಲ್ಲ. ಹುಳಿ ಹತ್ತಿದ ಒಂದು ತೊಟ್ಟಿಯಿಂದ ಹೊರಟ ದಾರಿ ಎಷ್ಟೋ ತಾಯಂದಿರ ಹೆರಿಗೆಯ ಹಾಸಿಗೆಯವರೆಗೂ ಹೋಗಿದೆ.

ಗಾಣದ ತೊಟ್ಟಿಯ ಆ ಲೋಳೆಗೂ ಇಂಥದೇ ಇನ್ನೊಂದು ದಾರಿ ಇದೆ. ಕಬ್ಬಿನ ಹಾಲು ಕೆಡಿಸುವ ಅದೇ ಲ್ಯೂಕೊನೊಸ್ಟಾಕ್, ನೆನೆಸಿ ರುಬ್ಬಿದ ಅಕ್ಕಿ-ಉದ್ದಿನ ಹಿಟ್ಟಿನಲ್ಲಿ ಗಾಳಿ ತುಂಬಿ ಇಡ್ಲಿಯನ್ನು ಉಬ್ಬಿಸುತ್ತದೆ. ಅದು ನೇಯುವ ಡೆಕ್ಸ್ಟ್ರಾನನ್ನು 1940ರ ದಶಕದಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಗ್ರೋನ್‌ವಾಲ್ ಮತ್ತು ಇಂಗೆಲ್‌ಮನ್ ಎಂಬಿಬ್ಬರು ಶುದ್ಧಗೊಳಿಸಿ, ರಕ್ತ ಹೋದವರ ನಾಳಕ್ಕೆ ಏರಿಸುವ ದ್ರವವನ್ನಾಗಿ ಮಾಡಿದರು. ರಕ್ತಹೀನತೆಗೆ ಕೊಡುವ ಕಬ್ಬಿಣದ ಚುಚ್ಚುಮದ್ದುಗಳಲ್ಲಿ ಒಂದು ಬಗೆ ಇದೇ ಡೆಕ್ಸ್ಟ್ರಾನಿನ ಜತೆ ಬರುತ್ತದೆ. ಕಾರ್ಖಾನೆಯಲ್ಲಿ ಹಬೆ ಹಾಯಿಸಿ ಓಡಿಸುವುದನ್ನೇ ಆಸ್ಪತ್ರೆಗಾಗಿ ಬಾಟಲಿಗೆ ತುಂಬುತ್ತಾರೆ. ಇದರಲ್ಲಿ ಯಾವುದು ಕೊಳೆ, ಯಾವುದು ಔಷಧಿ ಎಂದು ಆ ಜೀವಿಗೇನೂ ಗೊತ್ತಿಲ್ಲ. ಅದು ಎಲ್ಲೆಡೆಯೂ ಸಕ್ಕರೆಯ ಎಳೆ ನೇಯುತ್ತ ಹೋಗುತ್ತದೆ.

2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಮೂರೂ ತುಂಬಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹೊಳೆದಂಡೆಯ ಹಳ್ಳಿಗಳಿಗೆ ನುಗ್ಗಿದಾಗ ತೊಳೆಯುವ ಕೆಲಸ ಇಡೀ ನಾಡಿನದಾಯಿತು. ಅಥಣಿ ಕಡೆಯ ನಮ್ಮ ಅತ್ತಿಯ ಮನೆಯಲ್ಲಿ ನೀರು ಇಳಿದ ಮೇಲೆ ಗೋಡೆಯ ಮೇಲೆ ಆಳೆತ್ತರಕ್ಕೆ ಕೆಸರಿನ ಗೆರೆ ಉಳಿದಿತ್ತು. ನೀರಿಗೆ ಹಾಕಲು ಬ್ಲೀಚಿಂಗ್ ಪುಡಿ ಹಂಚುತ್ತಿದ್ದರು. ಅತ್ತಿ ಅಂಗಳದಲ್ಲಿ ಭಾಂಡೆಗಳನ್ನು ಎರಡು ಪಾಲು ಮಾಡಿದಳು. ಸ್ಟೀಲು, ಹಿತ್ತಾಳೆ ಒಂದು ಕಡೆ: ಮೊದಲು ಕೆಸರು ಹೋಗುವವರೆಗೂ ತಿಕ್ಕಿ, ಆಮೇಲೆ ಬ್ಲೀಚಿಂಗ್ ನೀರು, ಆಮೇಲೆ ಕುದಿನೀರು. ಕೆಸರು ಇದ್ದಾಗಲೇ ಬ್ಲೀಚಿಂಗ್ ಹಾಕಿದರೆ ಅದರ ಶಕ್ತಿಯೆಲ್ಲ ಕೆಸರಿಗೇ ತೀರಿಹೋಗುತ್ತದೆ. ಮಣ್ಣಿನ ಗಡಿಗೆಗಳು ಇನ್ನೊಂದು ಕಡೆ. ಅವುಗಳಲ್ಲಿ ಬಿರುಕು ಬಿಟ್ಟದ್ದು ಒಂದೂ ಇರಲಿಲ್ಲ, ಆದರೂ ಎಲ್ಲವನ್ನೂ ಒಡೆದು ಹಾಕಿಸಿದಳು. "ಹೊಳಿ ನೀರ ಕುಡದಾವು. ಎಷ್ಟ ತಿಕ್ಕಿದರ ಏನ ಬಂತು, ಒಳಗ ಕುಂತೈತಿ" ಅಂದಳು. ಅದರಲ್ಲಿ ಅವಳು ಮದುವೆಯಾಗಿ ಬಂದಾಗಿನಿಂದ ಮೊಸರು ಹಾಕುತ್ತಿದ್ದ ಗಡಿಗೆಯೂ ಇತ್ತು.

ಗಡಿಗೆಯ ಜತೆ ಹೆಪ್ಪೂ ಹೋಗಿತ್ತು. ಅವಳ ಅತ್ತೆಯ ಕಾಲದಿಂದ ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ ದಾಟಿಸಿಕೊಂಡು ಬಂದ ಹೆಪ್ಪು ಅದು. ಅವಳಿಗೆ ಮನೆಯ ಗೋಡೆಗಿಂತ ಅದೇ ಹೆಚ್ಚು ಕಾಡುತ್ತಿತ್ತು ಎಂದು ನನಗೆ ಅನಿಸಿತು. ರಾಯಬಾಗಕ್ಕೆ ಕೊಟ್ಟ ಮಗಳು ತಾಯಿಯನ್ನು ನೋಡಲು ಬರುವಾಗ ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಮೊಸರು ತಂದಳು. ಅವಳು ಗಂಡನ ಮನೆಗೆ ಹೋಗುವಾಗ ತವರಿನಿಂದ ಒಯ್ದ ಹೆಪ್ಪಿನ ಮೊಸರು ಅದು. ಅವತ್ತು ರಾತ್ರಿ ಪಕ್ಕದ ಊರಿನ ಬೀಗರು ಕಳಿಸಿದ ಹಾಲು ಕಾಸಿ, ಆರಿಸಿ, ತೊಳೆದ ಪಾತೇಲಿಗೆ ಹೊಯ್ದು, ಅತ್ತಿ ಹೆಪ್ಪು ಹಾಕಿದಳು. ಬೆಳಗ್ಗೆ ಗಟ್ಟಿಯಾಗಿ ಕಟ್ಟಿತ್ತು. ಬೆರಳ ತುದಿಯಲ್ಲಿ ಇಷ್ಟು ತೆಗೆದು ನಾಲಿಗೆಗೆ ಇಟ್ಟು ಸ್ವಲ್ಪ ಹೊತ್ತು ವಿಚಾರ ಮಾಡಿದಳು. "ನಮ್ಮದ ಐತಿ. ಆದರ ಹುಳಿ ಒಂದ ಚೂರ ಮುಂದ ಐತಿ, ಆ ಮನಿ ಎಮ್ಮಿ ಗುಣಾನೂ ಕೂಡೇತಿ" ಅಂದಳು. ಅಷ್ಟು ವರ್ಷ ರಾಯಬಾಗದ ಹಾಲು, ಅಲ್ಲಿನ ಕೈ, ಅಲ್ಲಿನ ಗಡಿಗೆಗಳಲ್ಲಿ ಬಾಳಿದ ಹೆಪ್ಪಿಗೆ ಅಲ್ಲಿನ ಜೀವಿಗಳೂ ಸೇರಿದ್ದವು. ಅವಳ ನಾಲಿಗೆ ಅದನ್ನು ಹಿಡಿದಿತ್ತು. ಮುಂದಿನ ಸಂತೆಯಲ್ಲಿ ಹೊಸ ಗಡಿಗೆ ಕೊಂಡು, ನೀರಲ್ಲಿ ನೆನೆಹಾಕಿ, ಕಾಯಿಸಿ, ಹೊಗೆ ಹಿಡಿದ ಮೇಲೆ ಆ ಹೆಪ್ಪನ್ನೇ ಹಾಕಿದಳು.